ಮನೆಯಿಂದ ಬ್ಲಾಗು, ಮಾರ್ಕೆಟಿಂಗ್ ಬಿಸಿನೆಸ್ಸು: ಯಾವ್ದು ಮೊದ್ಲು, ಯಾವ್ದು ಆಮೇಲೆ

"ಬ್ಲಾಗ್ ಶುರು ಮಾಡಿ ಮೂರು ತಿಂಗಳಾಯ್ತು, ದಿನಕ್ಕೆ ನಾಲ್ಕು ಜನ ಬರ್ತಾರೆ, ಅದ್ರಲ್ಲಿ ಮೂರು ಸಲ ನಾನೇ." ಈ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದೀನೋ ಲೆಕ್ಕ ಇಲ್ಲ. ಏನೇನು ಮಾಡಿದ್ರಿ ಅಂತ ವಿಚಾರಿಸಿದ್ರೆ ಹೆಚ್ಚುಕಮ್ಮಿ ಒಂದೇ ಕತೆ. ಮೊದಲ ವಾರ ಹೆಸರು ಹುಡುಕಿದ್ದು, ಎರಡನೇ ವಾರ ಲೋಗೋ, ಆಮೇಲೆ ಥೀಮ್ (ಸೈಟಿನ ರೆಡಿಮೇಡ್ ವಿನ್ಯಾಸ) ಐದು ಸಲ ಬದಲಾಯಿಸಿದ್ದು, ಎರಡು ಪೋಸ್ಟ್ ಹಾಕಿದ ತಕ್ಷಣ ಜಾಹೀರಾತಿಗೆ ಅರ್ಜಿ, ಅದು ರಿಜೆಕ್ಟ್, ಬೇಜಾರು, ಬಂದ್. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ಅಂದ್ರೆ ಇದೇ.

ಮಾಡಿದ ಕೆಲಸಗಳೆಲ್ಲ ಬೇಕಾದವೇ, ಕ್ರಮ ಮಾತ್ರ ಉಲ್ಟಾ. ಅದಕ್ಕೆ ಈ ಬರಹದಲ್ಲಿ ಕ್ರಮದ ಬಗ್ಗೆನೇ ಜಾಸ್ತಿ ಹೇಳ್ತೀನಿ.

## ಕೂರೋ ಮುಂಚೆ ಕೈಗೆ ಏನಿರ್ಬೇಕು

ಒಂದು ಲ್ಯಾಪ್‌ಟಾಪ್ (ಹಳೇದಾದ್ರೂ ಆಗುತ್ತೆ), ಫೋಟೋ ತೆಗೆಯೋಕೆ ಫೋನು, ಇಂಟರ್ನೆಟ್, ಈ ಕೆಲಸಕ್ಕೇ ಅಂತ ಹೊಸದಾಗಿ ಮಾಡಿದ ಒಂದು ಇಮೇಲ್, ಪಾಸ್‌ವರ್ಡ್ ಮ್ಯಾನೇಜರ್, ಲೆಕ್ಕ ಬರೆಯೋಕೆ ಒಂದು ಶೀಟ್. ದುಡ್ಡು ಕೊಡಬೇಕಾಗಿರೋದು ಡೊಮೇನ್‌ಗೆ (ಸೈಟಿನ ಹೆಸರು, ಅಂದ್ರೆ ವಿಳಾಸ) ಮತ್ತು ಹೋಸ್ಟಿಂಗ್‌ಗೆ (ಸೈಟ್ ಇಡೋಕೆ ಸರ್ವರಲ್ಲಿ ಬಾಡಿಗೆ ಜಾಗ), ಅಷ್ಟೇ. ಕೀವರ್ಡ್ ಟೂಲ್ (ಜನ ಯಾವ ಪದ ಹುಡುಕ್ತಾರೆ ಅಂತ ತೋರಿಸೋದು), ಪ್ರೀಮಿಯಂ ಥೀಮ್, ಕೋರ್ಸ್, ಇದ್ಯಾವ್ದೂ ಮೊದಲ ಆರು ತಿಂಗಳು ಬೇಡ. ಯಾರಾದ್ರೂ ಬೇಕೇ ಬೇಕು ಅಂದ್ರೆ ಅವರು ಅದನ್ನ ಮಾರ್ತಿದಾರಾ ಅಂತ ಒಮ್ಮೆ ನೋಡಿ.

## ಹಂತ 1: ವಿಷಯ ಆರಿಸ್ಬೇಡಿ, ಪ್ರಶ್ನೆಗಳನ್ನ ಆರಿಸಿ

"ನಂದು ಆರೋಗ್ಯದ ಬ್ಲಾಗ್", "ನಂದು ಟೆಕ್ ಬ್ಲಾಗ್" ಅನ್ನೋರಲ್ಲಿ ಹೆಚ್ಚಿನವರು ಇಲ್ಲೇ ಸೋಲೋದು. ಅಷ್ಟು ದೊಡ್ಡ ವಿಷಯದಲ್ಲಿ ದೊಡ್ಡ ದೊಡ್ಡ ಸೈಟುಗಳು ವರ್ಷಗಟ್ಟಲೆಯಿಂದ ಕೂತಿವೆ, ಅವುಗಳ ಪಕ್ಕ ನಿಮ್ಮ ಹತ್ತು ಪೋಸ್ಟ್ ಯಾರಿಗೂ ಕಾಣಲ್ಲ. ಅದೂ ಅಲ್ದೆ ಆರೋಗ್ಯ, ಹಣಕಾಸು, ಕಾನೂನು ಇಂಥ ವಿಷಯದಲ್ಲಿ ಬರೆದವರು ಯಾರು, ಅವ್ರ ಅರ್ಹತೆ ಏನು ಅನ್ನೋದನ್ನ ಗೂಗಲ್ ಬೇರೆ ವಿಷಯಗಳಿಗಿಂತ ಹೆಚ್ಚು ಗಂಭೀರವಾಗಿ ನೋಡುತ್ತೆ, ಹೊಸಬರಿಗೆ ಅಲ್ಲಿ ಜಾಗ ಸಿಗೋದು ಕಷ್ಟ.

ಹೀಗೆ ಮಾಡಿ. ನಿಮಗೆ ಕೈಯಾರೆ ಮಾಡಿ ಗೊತ್ತಿರೋ ಒಂದು ಸಣ್ಣ ಕೆಲಸ ತಗೊಳ್ಳಿ, ಉದಾಹರಣೆಗೆ ಸೈಕಲ್ ರಿಪೇರಿ ಅಂತಿಟ್ಕೊಳ್ಳೋಣ. ಹಾಳೆ ತಗೊಂಡು ಆ ಕೆಲಸ ಮಾಡೋವಾಗ ಹೊಸಬರಿಗೆ ಬರೋ 30 ಪ್ರಶ್ನೆ ಬರೀರಿ. ಚೈನ್ ಯಾಕೆ ಜಾರುತ್ತೆ, ಬ್ರೇಕ್ ಕಿರ್ ಅಂದ್ರೆ ಏನು ಮಾಡೋದು, ಟ್ಯೂಬಲ್ಲಿ ತೂತು ಎಲ್ಲಿದೆ ಅಂತ ಕಂಡುಹಿಡಿಯೋದು ಹೇಗೆ, ಹೀಗೆ. ಇಪ್ಪತ್ತಕ್ಕೆ ಪೆನ್ನು ನಿಂತ್ರೆ ಒಂದೋ ವಿಷಯ ತೀರಾ ಸಣ್ಣದು, ಇಲ್ಲಾ ನಿಮಗೆ ಅಷ್ಟು ಗೊತ್ತಿಲ್ಲ. ಎರಡರಲ್ಲಿ ಯಾವುದೇ ಆಗಿದ್ರೂ, ಬೇರೆ ವಿಷಯ ನೋಡಿ.

ಬರೆದ ಪ್ರಶ್ನೆಗಳನ್ನ ಒಂದೊಂದಾಗಿ ಗೂಗಲ್ ಸರ್ಚಲ್ಲಿ ಅರ್ಧ ಟೈಪ್ ಮಾಡಿ ನಿಲ್ಲಿಸಿ, ಕೆಳಗೆ ಸಜೆಶನ್ ಬರುತ್ತಲ್ಲ, ಅದು ಜನ ನಿಜವಾಗ್ಲೂ ಹುಡುಕ್ತಿರೋದು. ರಿಸಲ್ಟ್ ಮಧ್ಯೆ ಜನ ಕೇಳೋ ಬೇರೆ ಪ್ರಶ್ನೆಗಳ ಒಂದು ಪೆಟ್ಟಿಗೆನೂ ಸಾಮಾನ್ಯವಾಗಿ ಬರುತ್ತೆ, ಅದ್ರಲ್ಲಿರೋದನ್ನೂ ಬರ್ಕೊಳ್ಳಿ. ಗೂಗಲ್ ಟ್ರೆಂಡ್ಸಲ್ಲಿ ಹಾಕಿ ನೋಡಿದ್ರೆ ಆಸಕ್ತಿ ಏರ್ತಿದೆಯಾ, ಇಳೀತಿದೆಯಾ, ಸೀಸನ್ನಿಗೆ ಮಾತ್ರವಾ ಅಂತ ತಿಳಿಯುತ್ತೆ. ಇಷ್ಟೂ ಫ್ರೀ.

ಇನ್ನೊಂದು ಪರೀಕ್ಷೆ ಇದೆ, ಇದನ್ನ ಯಾರೂ ಮಾಡಲ್ಲ: ಈ ಪ್ರಶ್ನೆ ಕೇಳೋ ಮನುಷ್ಯ ಆಮೇಲೆ ಏನಾದ್ರೂ ಕೊಂಡ್ಕೋತಾನಾ? ಟ್ಯೂಬ್ ತೂತು ಹುಡುಕೋನಿಗೆ ಪ್ಯಾಚ್ ಕಿಟ್ ಬೇಕು, ಪಂಪ್ ಬೇಕು. ಬರೀ ಸುವಿಚಾರ ಓದೋನಿಗೆ ಏನೂ ಬೇಡ. ಓದುಗರು ಲಕ್ಷ ಇದ್ರೂ ದುಡ್ಡು ಹುಟ್ಟದ ವಿಷಯಗಳಿವೆ, ಅದು ಗೊತ್ತಿದ್ದೇ ಇಳಿದ್ರೆ ತಪ್ಪಿಲ್ಲ.

## ಹಂತ 2: ಡೊಮೇನ್ ನಿಮ್ಮ ಹೆಸರಲ್ಲೇ ಇರ್ಲಿ

ಇಲ್ಲಿ ನಾನೇ ಪೆಟ್ಟು ತಿಂದಿದೀನಿ. ನನ್ನ ಮೊದಲ ಸೈಟಿನ ಡೊಮೇನ್ ಅನ್ನ ಪರಿಚಯದವರೊಬ್ಬರು ಅವರ ಅಕೌಂಟಲ್ಲೇ ರಿಜಿಸ್ಟರ್ ಮಾಡ್ಕೊಟ್ರು, ಆಗ ಸುಲಭ ಅನ್ನಿಸ್ತು, ಎರಡನೇ ವರ್ಷ ರಿನ್ಯೂ ಮಾಡೋ ಹೊತ್ತಿಗೆ ಅವರು ಫೋನ್ ಎತ್ತಲಿಲ್ಲ, ಹೆಸರು ಹೋಯ್ತು, ಅದ್ರ ಜೊತೆ ಒಂದು ವರ್ಷದ ಕೆಲಸನೂ ಹೋಯ್ತು.

ಆದ್ದರಿಂದ: ರಿಜಿಸ್ಟ್ರಾರ್ (ಡೊಮೇನ್ ಮಾರೋ ಕಂಪನಿ) ಅಕೌಂಟ್ ನಿಮ್ಮದು, ಇಮೇಲ್ ನಿಮ್ಮದು, ಕಾರ್ಡ್ ನಿಮ್ಮದು. ಟು-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡೂ ಕೇಳೋದು) ಆನ್ ಮಾಡಿ, ಆಟೋ ರಿನ್ಯೂ ಆನ್ ಮಾಡಿ. ಅಕೌಂಟಿಗೆ ಕೊಡೋ ಇಮೇಲ್ ಅದೇ ಡೊಮೇನಿಂದು ಆಗಿರ್ಬಾರ್ದು, ಯಾಕಂದ್ರೆ ಡೊಮೇನ್ ಎಕ್ಸ್‌ಪೈರ್ ಆದ್ರೆ ಆ ಇಮೇಲೂ ನಿಂತೋಗುತ್ತೆ, ರಿನ್ಯೂ ಮಾಡಿ ಅನ್ನೋ ಮೆಸೇಜ್ ಯಾರಿಗೆ ಬರಬೇಕು?

ಬೆಲೆ ನೋಡೋವಾಗ ಮೊದಲ ವರ್ಷದ ಆಫರ್ ನೋಡ್ಬೇಡಿ, ರಿನ್ಯೂವಲ್ ರೇಟ್ ನೋಡಿ. ಹೋಸ್ಟಿಂಗಿಗೂ ಅದೇ ಮಾತು. ಡಾಟ್ ಕಾಮ್ ಥರದ ಹೆಸರುಗಳನ್ನ ರಿಜಿಸ್ಟರ್ ಮಾಡಿ ಮೊದಲ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸೋಕೆ ಸಾಮಾನ್ಯವಾಗಿ ಆಗಲ್ಲ, ಹಾಗಾಗಿ ಆತುರದಲ್ಲಿ ಎಲ್ಲೋ ಒಂದು ಕಡೆ ಕೊಂಡು ಆಮೇಲೆ ಪರದಾಡೋದು ಬೇಡ. ಹೆಸರು ಫೋನಲ್ಲಿ ಒಮ್ಮೆ ಹೇಳಿದ್ರೆ ಎದುರಿನವರು ತಪ್ಪಿಲ್ಲದೆ ಟೈಪ್ ಮಾಡೋ ಹಾಗಿದ್ರೆ ಸಾಕು. ಅದಕ್ಕಿಂತ ಜಾಸ್ತಿ ಯೋಚಿಸ್ಬೇಡಿ.

ಎಚ್ಚರಿಕೆ: ಡೊಮೇನ್ ಕೊಂಡ ಕೆಲವು ದಿನಕ್ಕೆ "ನಿಮ್ಮ ಡೊಮೇನಿನ ಸರ್ಚ್ ಇಂಜಿನ್ ನೋಂದಣಿ ಮುಗೀತಿದೆ, ದುಡ್ಡು ಕಟ್ಟಿ" ಅಂತ ಬಿಲ್ ಥರ ಕಾಣೋ ಇಮೇಲ್ ಬರಬಹುದು. ಅಂಥ ನೋಂದಣಿ ಅನ್ನೋದೇ ಇಲ್ಲ. ಡಿಲೀಟ್ ಮಾಡಿ.

## ಹಂತ 3: ಸೆಟಪ್ ಒಂದೇ ಸಂಜೇಲಿ ಮುಗೀಬೇಕು

ನಾನು ಹೇಳೋದು ಸ್ವಂತ ಹೋಸ್ಟಿಂಗ್ ಮೇಲೆ ಹಾಕೋ ವರ್ಡ್‌ಪ್ರೆಸ್ (ಸೈಟ್ ಕಟ್ಟಿ ನಡೆಸೋ ಸಾಫ್ಟ್‌ವೇರ್) ಬಗ್ಗೆ. ಬೇರೆ ಪ್ಲಾಟ್‌ಫಾರ್ಮ್ ಇಷ್ಟ ಇದ್ರೆ ಆಗ್ಲಿ, ಆದ್ರೆ ನಾಳೆ ನಿಮ್ಮ ಬರಹನೆಲ್ಲ ಎತ್ಕೊಂಡು ಬೇರೆ ಕಡೆ ಹೋಗೋಕೆ ಬಿಡುತ್ತಾ ಅಂತ ಮೊದಲೇ ನೋಡಿ.

ಇನ್‌ಸ್ಟಾಲ್ ಆದ್ಮೇಲೆ ಇದೇ ಕ್ರಮದಲ್ಲಿ ಹೋಗಿ:

1. ಯೂಸರ್‌ನೇಮ್ "ಅಡ್ಮಿನ್" ಅಂತ ಇಡ್ಬೇಡಿ, ಪಾಸ್‌ವರ್ಡ್ ಒಡೆಯೋ ಬಾಟ್‌ಗಳು ಮೊದಲು ಹಾಕಿ ನೋಡೋದೇ ಆ ಹೆಸರು.
2. ಎಸ್‌ಎಸ್‌ಎಲ್ (ಸೈಟಿಗೂ ಓದುಗರಿಗೂ ನಡುವಿನ ಮಾಹಿತಿಯನ್ನ ಗುಟ್ಟಾಗಿಡೋ ಬೀಗ) ಆನ್ ಮಾಡಿ. ಬಹಳಷ್ಟು ಹೋಸ್ಟಿಂಗಲ್ಲಿ ಫ್ರೀಯಾಗೇ ಸಿಗುತ್ತೆ.
3. ಸೆಟ್ಟಿಂಗ್ಸ್ ಒಳಗೆ ಪರ್ಮಾಲಿಂಕ್ಸ್ (ಪೋಸ್ಟಿನ ಲಿಂಕ್ ಹೇಗಿರ್ಬೇಕು ಅನ್ನೋದು), ಅಲ್ಲಿ "ಪೋಸ್ಟ್ ನೇಮ್" ಆರಿಸಿ. ಇದನ್ನ ಮೊದಲ ದಿನವೇ ಮಾಡಿ. ಐವತ್ತು ಪೋಸ್ಟ್ ಆದ್ಮೇಲೆ ಬದಲಾಯಿಸಿದ್ರೆ ಹಳೇ ಲಿಂಕುಗಳು ಒಡೆದು, ಅವಕ್ಕೆ 301 ರೀಡೈರೆಕ್ಟ್ (ಹಳೇ ಲಿಂಕ್ ಒತ್ತಿದವರನ್ನ ಹೊಸದಕ್ಕೆ ಕಳಿಸೋ ವ್ಯವಸ್ಥೆ) ಹಾಕ್ತಾ ಕೂರ್ಬೇಕಾಗಬಹುದು.
4. ಸೆಟ್ಟಿಂಗ್ಸ್ ಒಳಗೆ ರೀಡಿಂಗ್, ಅಲ್ಲಿ ಸರ್ಚ್ ಇಂಜಿನ್‌ಗಳು ಈ ಸೈಟ್ ಇಂಡೆಕ್ಸ್ ಮಾಡೋದು (ತಮ್ಮ ಹುಡುಕಾಟದ ಪಟ್ಟಿಗೆ ಸೇರಿಸೋದು) ಬೇಡ ಅನ್ನೋ ಅರ್ಥದ ಒಂದು ಟಿಕ್ ಬಾಕ್ಸ್ ಇದೆ. ಅದು ಖಾಲಿ ಇರ್ಬೇಕು. ಖಾಲಿ ಇದೆಯಾ? ಇನ್ನೊಂದ್ಸಲ ನೋಡಿ. "ಗೂಗಲ್ಲಲ್ಲಿ ನನ್ನ ಸೈಟೇ ಬರಲ್ಲ" ಅಂತ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡು ಕೊನೆಗೆ ಈ ಟಿಕ್ ನೋಡಿ ಹಣೆ ಚಚ್ಕೊಂಡವರು ಒಬ್ಬಿಬ್ಬರಲ್ಲ.
5. ಬ್ಯಾಕಪ್ ಪ್ಲಗಿನ್ (ಪ್ಲಗಿನ್ ಅಂದ್ರೆ ವರ್ಡ್‌ಪ್ರೆಸ್‌ಗೆ ಸೇರಿಸೋ ಸಣ್ಣ ಸಾಫ್ಟ್‌ವೇರ್) ಹಾಕಿ, ಬ್ಯಾಕಪ್ ಹೋಸ್ಟಿಂಗಿಂದ ಹೊರಗೆ, ಅಂದ್ರೆ ನಿಮ್ಮ ಡ್ರೈವಿಗೆ ಹೋಗೋ ಹಾಗೆ ಮಾಡಿ. ಸೈಟ್ ಇರೋ ಸರ್ವರಲ್ಲೇ ಬ್ಯಾಕಪ್ ಇಟ್ರೆ, ಬೀಗದ ಕೈಯನ್ನ ಮನೆಯೊಳಗೇ ಬಿಟ್ಟು ಬಾಗಿಲು ಹಾಕ್ಕೊಂಡ ಹಾಗೆ.
6. ನಾನ್ಯಾರು, ಸಂಪರ್ಕ, ಪ್ರೈವಸಿ ಪಾಲಿಸಿ, ಈ ಮೂರು ಪುಟ ಮಾಡಿ.

ಥೀಮ್ ಹಗುರಾಗಿರೋದು ಯಾವುದಾದ್ರೂ ಸರಿ. ಪ್ಲಗಿನ್ ಎಂಟು ಹತ್ತಕ್ಕೆ ನಿಲ್ಲಿಸಿ. ಅಷ್ಟೇ, ಎದ್ದು ಊಟ ಮಾಡಿ.

## ಹಂತ 4: ಮೊದಲ 15 ಲೇಖನ, ಬೇರೆ ಯಾವ ಕೆಲಸನೂ ಇಲ್ಲ

ಕಷ್ಟದ ಹಂತ ಇದು, ಅದಕ್ಕೇ ಜನ ಇದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಮಾಡ್ತಾರೆ. ವಾರಕ್ಕೆ ಎರಡು ಅಂತ ಇಟ್ಕೊಂಡ್ರೂ ಎರಡು ತಿಂಗಳು ಹಿಡಿಯುತ್ತೆ. ಈ ಅವಧೀಲಿ ಟ್ರಾಫಿಕ್ (ಎಷ್ಟು ಜನ ಬಂದ್ರು ಅನ್ನೋದು) ನೋಡ್ಬೇಡಿ, ನೋಡಿದ್ರೂ ಅಲ್ಲಿ ಏನೂ ಇರಲ್ಲ.

ಒಂದು ಲೇಖನಕ್ಕೆ ಒಂದೇ ಪ್ರಶ್ನೆ. ಉತ್ತರ ಮೊದಲ ಎರಡು ಮೂರು ವಾಕ್ಯದಲ್ಲೇ ಬಂದ್ಬಿಡ್ಲಿ, ವಿವರ ಆಮೇಲೆ. "ಇಂದಿನ ವೇಗದ ಜಗತ್ತಿನಲ್ಲಿ ಸೈಕಲ್ ಎಂಬುದು" ಅಂತ ಶುರು ಮಾಡಿದ್ರೋ, ಓದೋನು ವಾಪಸ್ ಹೋದ. ಅವನ ಚೈನ್ ಜಾರ್ತಿದೆ, ಕೈಯೆಲ್ಲ ಗ್ರೀಸು, ಅವನಿಗೆ ಸೈಕಲ್ ಮಹಿಮೆ ಬೇಡ.

ಫೋಟೋ ನಿಮ್ಮದೇ ಇರ್ಲಿ. ಸ್ವಲ್ಪ ಮಬ್ಬಾಗಿದ್ರೂ ನೀವು ನಿಜಕ್ಕೂ ಮಾಡಿದೀರಿ ಅಂತ ಅದು ತೋರಿಸುತ್ತೆ, ಸ್ಟಾಕ್ ಫೋಟೋ ಏನನ್ನೂ ತೋರಿಸಲ್ಲ. ಇನ್ನೊಬ್ಬರ ಸೈಟಿಂದ ಎತ್ತಿದ ಫೋಟೋ ಕಾಪಿರೈಟ್ ತಲೆನೋವು ತರುತ್ತೆ. ಫೋನಲ್ಲಿ ತೆಗೆದ ದೊಡ್ಡ ಫೈಲ್ ಹಾಗೇ ಏರಿಸ್ಬೇಡಿ, ಅಗಲ ಕಮ್ಮಿ ಮಾಡಿ ವೆಬ್‌ಪಿ ಅನ್ನೋ ಹಗುರ ಫೋಟೋ ಫಾರ್ಮ್ಯಾಟಿಗೆ ಬದಲಾಯಿಸಿ. ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಿಸ್ಕೊಂಡ್ರೆ ಗೂಗಲ್ ಅದನ್ನ ಒಳ್ಳೇ ವೇಗ ಅನ್ನುತ್ತೆ, ಅದನ್ನ ಕೆಡಿಸೋದ್ರಲ್ಲಿ ದೊಡ್ಡ ಪಾಲು ಈ ಫೋಟೋಗಳದ್ದೇ.

ಕನ್ನಡದಲ್ಲಿ ಬರೆಯೋರಿಗೆ ಒಂದು ಮಾತು: ಪೋಸ್ಟಿನ ಸ್ಲಗ್ ಅನ್ನ, ಅಂದ್ರೆ ಲಿಂಕಿನ ಕೊನೇ ಭಾಗವನ್ನ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನೀವೇ ಟೈಪ್ ಮಾಡಿ. ಹಾಗೇ ಬಿಟ್ರೆ ಕನ್ನಡ ಶೀರ್ಷಿಕೆ ಲಿಂಕಾಗುತ್ತೆ, ಯಾರಾದ್ರೂ ಕಾಪಿ ಮಾಡಿ ಇನ್ನೊಬ್ಬರಿಗೆ ಕಳ್ಸಿದ್ರೆ ಪರ್ಸೆಂಟ್ ಚಿಹ್ನೆಗಳ ಉದ್ದದ ಬಾಲವಾಗಿ ಕಾಣ್ಬಹುದು, ವೈರಸ್ ಅಂದ್ಕೊಂಡು ಯಾರೂ ಒತ್ತಲ್ಲ.

ಪ್ರತಿ ಹೊಸ ಲೇಖನದಿಂದ ಹಳೇ ಎರಡು ಲೇಖನಕ್ಕೆ ಲಿಂಕ್ ಕೊಡಿ, ಹಳೇ ಒಂದರಿಂದ ಇದಕ್ಕೂ ಕೊಡಿ. ಐದು ನಿಮಿಷದ ಕೆಲಸ, ಯಾಕೋ ಎಲ್ಲರೂ ಮರೀತಾರೆ.

ಎಐ ಬಗ್ಗೆ ಕೇಳೇ ಕೇಳ್ತೀರಿ. ಅಕ್ಷರ ತಪ್ಪು ನೋಡೋಕೆ, ಉಪಶೀರ್ಷಿಕೆ ಯೋಚಿಸೋಕೆ ಬಳಸಿ, ಬೇಡ ಅನ್ನಲ್ಲ. ಆದ್ರೆ ಒಂದೇ ದಿನ ಇನ್ನೂರು ಪೋಸ್ಟ್ ಸುರಿಯೋ ಯೋಚನೆ ಬಿಡಿ. ರ‍್ಯಾಂಕಿಂಗಿಗೋಸ್ಕರ (ಸರ್ಚಲ್ಲಿ ಮೇಲೆ ಕಾಣೋಕೆ) ರಾಶಿ ರಾಶಿ ಜೊಳ್ಳು ಪುಟ ಮಾಡೋದನ್ನ ಗೂಗಲ್ 2024ರ ಮಾರ್ಚಲ್ಲಿ ತನ್ನ ಸ್ಪ್ಯಾಮ್ ನೀತೀಲಿ ಸ್ಪಷ್ಟವಾಗಿ ಸೇರಿಸಿದೆ, ಬರೆದದ್ದು ಮೆಷಿನ್ನೋ ಮನುಷ್ಯನೋ ಅನ್ನೋದು ಅಲ್ಲಿ ಲೆಕ್ಕಕ್ಕೇ ಇಲ್ಲ.

## ಹಂತ 5: ಸರ್ಚ್ ಕನ್ಸೋಲ್ ಓದೋದು ಕಲೀರಿ

ಗೂಗಲ್ ಸರ್ಚಲ್ಲಿ ನಿಮ್ಮ ಸೈಟ್ ಹೇಗೆ ಕಾಣ್ತಿದೆ ಅಂತ ತೋರಿಸೋ ಗೂಗಲ್ ಸರ್ಚ್ ಕನ್ಸೋಲ್ ಫ್ರೀ. ಡೊಮೇನ್ ಪ್ರಾಪರ್ಟಿ ಅಂತ ಸೇರಿಸಿ, ಅದು ಕೊಡೋ ಟಿಎಕ್ಸ್‌ಟಿ ರೆಕಾರ್ಡನ್ನ (ಡೊಮೇನ್ ನಿಮ್ಮದೇ ಅನ್ನೋಕೆ ಒಂದು ಸಾಲಿನ ಗುರುತು) ಡಿಎನ್‌ಎಸ್‌ನಲ್ಲಿ, ಅಂದ್ರೆ ಡೊಮೇನಿನ ಸೆಟ್ಟಿಂಗಲ್ಲಿ ಹಾಕಿ, ವೆರಿಫೈ ಆದ್ಮೇಲೆ ಸೈಟ್‌ಮ್ಯಾಪ್ (ನಿಮ್ಮ ಪುಟಗಳ ಪಟ್ಟಿ) ಸಬ್‌ಮಿಟ್ ಮಾಡಿ. ಇದನ್ನ ಮೊದಲ ಪೋಸ್ಟ್ ಹಾಕಿದ ದಿನವೇ ಮಾಡಿಟ್ಟು ಮರ್ತುಬಿಡಿ, ಡೇಟಾ ತಾನೇ ಸೇರ್ತಾ ಇರುತ್ತೆ, 16 ತಿಂಗಳವರೆಗೂ ಹಿಂದಕ್ಕೆ ಹೋಗಿ ನೋಡ್ಬಹುದು.

"ಕಂಡುಬಂದಿದೆ, ಆದ್ರೆ ಇನ್ನೂ ಇಂಡೆಕ್ಸ್ ಆಗಿಲ್ಲ" ಅಂತ ತೋರಿಸಿದ್ರೆ ಲಿಂಕ್ ಗೊತ್ತಾಗಿದೆ, ಗೂಗಲ್ ಇನ್ನೂ ಪುಟಕ್ಕೆ ಬಂದಿಲ್ಲ ಅಂತ. ಹೊಸ ಸೈಟಲ್ಲಿ ಇದು ಮಾಮೂಲು, ಕಾಯಿರಿ. "ಕ್ರಾಲ್ ಆಗಿದೆ, ಆದ್ರೆ ಇಂಡೆಕ್ಸ್ ಆಗಿಲ್ಲ" ಅಂದ್ರೆ ಬಂದು ನೋಡ್ಕೊಂಡು ಹೋಗಿದೆ, ಸದ್ಯಕ್ಕೆ ಸೇರಿಸ್ಕೊಂಡಿಲ್ಲ. ಪುಟ ಜೊಳ್ಳಾಗಿದೆಯಾ, ನಿಮ್ಮದೇ ಇನ್ನೊಂದು ಪುಟದ ನಕಲಿನ ಥರ ಇದೆಯಾ ಅಂತ ನೋಡಿ ಸರಿ ಮಾಡಿ. ಎರಡಕ್ಕೂ ದಿನಾ ಹತ್ತು ಸಲ "ಇಂಡೆಕ್ಸ್ ಮಾಡಿ" ಅಂತ ಒತ್ತೋದ್ರಿಂದ ಏನೂ ಆಗಲ್ಲ.

ಮೂರ್ನಾಲ್ಕು ತಿಂಗಳಾದ್ಮೇಲೆ ಪರ್ಫಾರ್ಮೆನ್ಸ್ ರಿಪೋರ್ಟಲ್ಲಿ ಸರಾಸರಿ ಸ್ಥಾನ 8ರಿಂದ 20ರ ಒಳಗಿರೋ, ಇಂಪ್ರೆಶನ್ (ಸರ್ಚಲ್ಲಿ ಕಾಣಿಸ್ಕೊಂಡ ಸಲ) ಇದ್ದೂ ಕ್ಲಿಕ್ ಇಲ್ಲದ ಪುಟಗಳನ್ನ ಹುಡುಕಿ. ಹೊಸ ಲೇಖನ ಬರೆಯೋಕಿಂತ ಇವನ್ನ ರಿಪೇರಿ ಮಾಡೋದೇ ಲಾಭ: ಯಾವ ಪದ ಹಾಕಿ ಜನ ಬಂದಿದಾರೆ ನೋಡಿ, ಆ ಪ್ರಶ್ನೆಗೆ ಲೇಖನದಲ್ಲಿ ನೇರ ಉತ್ತರ ಇಲ್ದೇ ಇದ್ರೆ ಸೇರಿಸಿ, ಶೀರ್ಷಿಕೆ ಅವರ ಮಾತಲ್ಲೇ ಬರೀರಿ. ನನಗಂತೂ ಇಡೀ ಕೆಲಸದಲ್ಲಿ ಮಜಾ ಬರೋದು ಇದೊಂದೇ ಜಾಗದಲ್ಲಿ.

ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಬರೋ ಲಿಂಕ್) ಮಾರೋರು ಬರ್ತಾರೆ, ಸಾವಿರ ಲಿಂಕ್ ಇಷ್ಟಕ್ಕೆ ಅಂತ. ರ‍್ಯಾಂಕಿಂಗಿಗಾಗಿ ಲಿಂಕ್ ಕೊಳ್ಳೋದು ಗೂಗಲ್ ನಿಯಮಕ್ಕೆ ವಿರುದ್ಧ. ದುಡ್ಡೂ ಹೋಗಿ ಸೈಟೂ ಹೋಗ್ಬಹುದು.

## ಹಂತ 6: ಇಮೇಲ್ ಲಿಸ್ಟ್

ಸರ್ಚ್ ಟ್ರಾಫಿಕ್, ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಂ ಫಾಲೋವರ್ಸ್, ಎಲ್ಲಾ ಬಾಡಿಗೆ ಮನೆ. ಅಲ್ಗಾರಿದಂ ಬದಲಾದ ದಿನ ಖಾಲಿ ಮಾಡ್ಬೇಕು. ಓದುಗರ ಇಮೇಲ್ ಮಾತ್ರ ನಿಮ್ಮ ಹತ್ರಾನೇ ಉಳಿಯುತ್ತೆ.

"ಸಬ್‌ಸ್ಕ್ರೈಬ್ ಆಗಿ" ಅಂದ್ರೆ ಯಾರೂ ಆಗಲ್ಲ. ಒಂದು ಪುಟದ ಚೆಕ್‌ಲಿಸ್ಟ್ ಕೊಡಿ, "ಸೈಕಲ್ ಹತ್ತೋ ಮುಂಚೆ ನೋಡ್ಬೇಕಾದ ಏಳು ಜಾಗ" ಅಂತ ಏನಾದ್ರೂ. ಹೆಸರು, ಫೋನ್, ವಯಸ್ಸು ಅಂತೆಲ್ಲ ಕೇಳ್ಬೇಡಿ, ಇಮೇಲ್ ಒಂದೇ ಸಾಕು. ಡಬಲ್ ಆಪ್ಟ್-ಇನ್ ಇಡಿ, ಅಂದ್ರೆ ಅವರ ಇಮೇಲಿಗೆ ಹೋದ ಲಿಂಕ್ ಒತ್ತಿದ್ರೆ ಮಾತ್ರ ಲಿಸ್ಟಿಗೆ ಸೇರೋದು. ಸಂಖ್ಯೆ ಕಮ್ಮಿ ಕಾಣುತ್ತೆ ಆದ್ರೆ ಕಸ ಇರಲ್ಲ.

ಕಳಿಸೋ ಮೊದಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನೋ ಮೂರು ಡಿಎನ್‌ಎಸ್ ರೆಕಾರ್ಡ್ (ಇಮೇಲ್ ನಿಜಕ್ಕೂ ನಿಮ್ಮ ಡೊಮೇನಿಂದಲೇ ಬಂದದ್ದು ಅಂತ ತೋರಿಸೋ ಗುರುತು) ಹಾಕ್ಲೇಬೇಕು, ಇಮೇಲ್ ಸರ್ವಿಸ್‌ನವರೇ ಏನು ಕಾಪಿ ಮಾಡಿ ಎಲ್ಲಿ ಹಾಕ್ಬೇಕು ಅಂತ ತೋರಿಸ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇದ್ರಲ್ಲಿ ಬಿಗಿಯಾಗಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸೋರಿಗೆ ಮೂರೂ ಕಡ್ಡಾಯ, ಸ್ಪ್ಯಾಮ್ ಅಂತ ಜನ ಗುರುತು ಹಾಕೋ ಪ್ರಮಾಣ 0.3 ಪರ್ಸೆಂಟ್ ಮುಟ್ಟಬಾರ್ದು. ನೀವು ಐವತ್ತು ಜನಕ್ಕೆ ಕಳ್ಸಿದ್ರೂ ಮೂರೂ ಹಾಕಿಡಿ, ಇಲ್ಲಾಂದ್ರೆ ಪತ್ರ ನೇರ ಸ್ಪ್ಯಾಮ್ ಫೋಲ್ಡರ್‌ಗೆ ಹೋಗೋ ಸಾಧ್ಯತೆನೇ ಜಾಸ್ತಿ. ಕೊಂಡ ಲಿಸ್ಟಿಗಂತೂ ಕಳಿಸ್ಲೇಬೇಡಿ, ಒಂದೇ ಏಟಿಗೆ ಡೊಮೇನಿನ ಮರ್ಯಾದೆ ಹೋಗುತ್ತೆ.

## ಹಂತ 7: ದುಡ್ಡು, ಇಲ್ಲೂ ಕ್ರಮ ಇದೆ

ಎಲ್ಲರೂ ಜಾಹೀರಾತಿಂದ ಶುರು ಮಾಡ್ತಾರೆ. ಅದು ಕೊನೇಲಿ ಬರಬೇಕಾದ್ದು, ಯಾಕಂದ್ರೆ ಜಾಹೀರಾತಿಗೆ ಓದುಗರು ಸಾವಿರ ಸಾವಿರ ಬೇಕು, ಸರ್ವಿಸಿಗೆ ಒಬ್ಬ ಗಿರಾಕಿ ಸಾಕು.

ಮೊದಲು ಸರ್ವಿಸ್. ಇಷ್ಟು ಮಾಡಿದ್ರಲ್ಲ, ಲೇಖನ, ಸರ್ಚ್ ಕನ್ಸೋಲ್, ಇಮೇಲ್ ಸೆಟಪ್, ಇದೇ ಕೆಲಸ ಮಾಡಿಕೊಡಿ ಅಂತ ಕಾಯ್ತಿರೋ ಸಣ್ಣ ವ್ಯಾಪಾರಸ್ಥರು ಇದಾರೆ. ನಿಮ್ಮ ಬ್ಲಾಗೇ ನಿಮ್ಮ ಸ್ಯಾಂಪಲ್. ಮೊದಲ ಗಿರಾಕಿಗೆ ಎಲ್ಲಾ ಮಾಡ್ತೀನಿ ಅನ್ಬೇಡಿ, ಒಂದೇ ಸಣ್ಣ ಕೆಲಸ ಹೇಳಿ: ತಿಂಗಳಿಗೆ ನಾಲ್ಕು ಲೇಖನ, ಇಲ್ಲಾ ಎರಡು ನ್ಯೂಸ್‌ಲೆಟರ್. ಏನೇನು ಸೇರಿದೆ, ಏನು ಸೇರಿಲ್ಲ, ತಿದ್ದುಪಡಿ ಎಷ್ಟು ಸಲ, ದುಡ್ಡು ಯಾವಾಗ ಅಂತ ಒಂದು ಪುಟದಲ್ಲಿ ಬರೆದು ಇಮೇಲ್ ಮಾಡಿ, ಅವರು "ಸರಿ" ಅಂದ್ಮೇಲೆ, ಅರ್ಧ ಅಡ್ವಾನ್ಸ್ ಬಂದ್ಮೇಲೆ ಕೆಲಸ ಶುರು. ಗಿರಾಕಿಯ ಡೊಮೇನ್, ಆ್ಯಡ್ ಅಕೌಂಟ್ ಎಲ್ಲಾ ಅವರ ಹೆಸರಲ್ಲೇ ಇರ್ಲಿ, ನೀವು ಆ್ಯಕ್ಸೆಸ್ ಮಾತ್ರ ತಗೊಳ್ಳಿ (ಹಂತ 2ರಲ್ಲಿ ನನಗಾಗಿದ್ದನ್ನ ನೀವು ಇನ್ನೊಬ್ಬರಿಗೆ ಮಾಡ್ಬೇಡಿ). ಮೊದಲ ಸ್ಥಾನಕ್ಕೆ ತಂದೇ ತರ್ತೀನಿ ಅಂತ ಮಾತು ಕೊಡ್ಬೇಡಿ, ಅದನ್ನ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತ ಗೂಗಲ್ಲೇ ಹೇಳಿದೆ.

ಆಮೇಲೆ ಅಫಿಲಿಯೇಟ್, ಅಂದ್ರೆ ನಿಮ್ಮ ಲಿಂಕಿಂದ ಯಾರಾದ್ರೂ ಕೊಂಡ್ರೆ ನಿಮಗೆ ಕಮಿಷನ್. ನೀವು ಬಳಸಿರೋ ವಸ್ತುಗೆ ಮಾತ್ರ ಲಿಂಕ್ ಕೊಡಿ. ಆ ಲಿಂಕಿಂದ ನಿಮಗೆ ಕಮಿಷನ್ ಬರುತ್ತೆ ಅಂತ ಲೇಖನದ ಮೇಲ್ಭಾಗದಲ್ಲೇ ಬರೀರಿ, ಕೆಳಗೆ ಸಣ್ಣ ಅಕ್ಷರದಲ್ಲಿ ಬಚ್ಚಿಡೋದು ಬೇಡ. ಲಿಂಕಿಗೆ "ಸ್ಪಾನ್ಸರ್ಡ್" ಅನ್ನೋ ರೆಲ್ ಗುರುತು (ಇದು ದುಡ್ಡಿನ ಲಿಂಕ್ ಅಂತ ಸರ್ಚ್ ಇಂಜಿನ್‌ಗೆ ಹೇಳೋ ಕೋಡ್) ಹಾಕಿ. ಅಮೆಜಾನ್ ಅಸೋಸಿಯೇಟ್ಸ್ ಥರದ ಕಡೆ ಸೇರಿ 180 ದಿನದೊಳಗೆ ಕನಿಷ್ಠ 3 ಮಾರಾಟ ಆಗದಿದ್ರೆ ಅಕೌಂಟ್ ಮುಚ್ಚುತ್ತೆ, ಆದ್ದರಿಂದ ಓದುಗರು ಬರೋಕೆ ಶುರುವಾದ್ಮೇಲೆ ಅರ್ಜಿ ಹಾಕಿ. ನಿಮ್ಮ ಲಿಂಕಲ್ಲಿ ನೀವೇ ಕೊಂಡ್ಕೊಳ್ಳೋದು ಲೆಕ್ಕಕ್ಕಿಲ್ಲ. ಕೆಲವು ಪ್ರೋಗ್ರಾಂಗಳು ಇಮೇಲಲ್ಲಿ ಲಿಂಕ್ ಹಾಕೋಕೆ ಬಿಡಲ್ಲ, ನಿಯಮ ಓದ್ಕೊಂಡೇ ಹಾಕಿ.

ಕೊನೆಗೆ ಜಾಹೀರಾತು. ಸೈಟಲ್ಲಿ ಜಾಹೀರಾತು ತೋರಿಸಿ ದುಡ್ಡು ಕೊಡೋ ಗೂಗಲ್ ಆಡ್‌ಸೆನ್ಸಲ್ಲಿ ಡಾಲರ್ ಲೆಕ್ಕದ ಅಕೌಂಟಿಗೆ 100 ಡಾಲರ್ ಆಗೋವರೆಗೂ ದುಡ್ಡು ಕೈಗೆ ಬರಲ್ಲ, 10 ಡಾಲರ್ ಆದಾಗ ವಿಳಾಸ ಖಚಿತಪಡಿಸೋಕೆ ಅಂಚೆಯಲ್ಲಿ ಪಿನ್ ಕಳಿಸ್ತಾರೆ, ಹಾಗಾಗಿ ವಿಳಾಸ ಸರಿಯಾಗಿ ತುಂಬಿ. ನಿಮ್ಮ ಆ್ಯಡ್ ನೀವೇ ಒತ್ತಬೇಡಿ, ಮನೆಯವರಿಗೂ ಸ್ನೇಹಿತರಿಗೂ ಒತ್ತಿ ಅಂತ ಹೇಳ್ಬೇಡಿ. ಪ್ರೀತಿಯಿಂದ ಒತ್ತಿದ ಕ್ಲಿಕ್ಕಿಂದಲೇ ಅಕೌಂಟ್ ಕಳ್ಕೊಂಡವರಿದಾರೆ.

## ಹಂತ 8: ಲೆಕ್ಕ ಮತ್ತು ಟೈಮು

ಬಿಸಿನೆಸ್ ದುಡ್ಡಿಗೆ ಬೇರೆ ಬ್ಯಾಂಕ್ ಅಕೌಂಟ್, ಮೊದಲ ಆದಾಯ ಬಂದ ದಿನವೇ. ಬಂದದ್ದು, ಹೋದದ್ದು, ಯಾವ ದಿನ, ಯಾರಿಂದ ಅಂತ ಶೀಟಲ್ಲಿ ಬರೀರಿ, ಬಿಲ್ಲೆಲ್ಲ ಒಂದೇ ಫೋಲ್ಡರಲ್ಲಿ ಇಡಿ. ತೆರಿಗೆ ನಿಯಮ ನೀವಿರೋ ಕಡೆಯದ್ದು ಏನು ಅಂತ ತಿಳಿದವರನ್ನ ಒಮ್ಮೆ ಕೇಳಿಬಿಡಿ.

ಮನೇಲಿ ಕೂತು ಮಾಡೋ ಕೆಲಸನ ಮನೆಯವರು ಕೆಲಸ ಅಂತ ಒಪ್ಪೋಕೆ ಟೈಮ್ ಹಿಡಿಯುತ್ತೆ. "ಹೆಂಗೂ ಮನೇಲೇ ಇದೀಯಲ್ಲ" ಅನ್ನೋ ಮಾತು ಬಂದೇ ಬರುತ್ತೆ. ದಿನಕ್ಕೆ ಎರಡೇ ಗಂಟೆ ಆದ್ರೂ ಅದೇ ಎರಡು ಗಂಟೆ ಅಂತ ಫಿಕ್ಸ್ ಮಾಡಿ, ಮೊದಲ ಗಂಟೆ ಬರೆಯೋಕೆ, ಎರಡನೇದು ಮಿಕ್ಕಿದ್ದಕ್ಕೆ. ಅಂಕಿಅಂಶ ವಾರಕ್ಕೊಂದೇ ಸಲ.

## ಎಲ್ಲೋ ತಪ್ಪಿದೆ ಅನ್ನೋ ಗುರುತುಗಳು

ಆರು ತಿಂಗಳಾಗಿ, ಲೇಖನ 15 ದಾಟಿ, ಸರ್ಚ್ ಕನ್ಸೋಲಲ್ಲಿ ಇಂಪ್ರೆಶನ್ನೇ ಇಲ್ಲ: ಹಂತ 3ರ ಟಿಕ್ ಬಾಕ್ಸ್ ನೋಡಿ, ಅದು ಸರಿ ಇದ್ರೆ ಪ್ರಶ್ನೆಗಳೇ ತಪ್ಪು, ಹಂತ 1ಕ್ಕೆ ವಾಪಸ್. ಇಂಪ್ರೆಶನ್ ಇದೆ ಕ್ಲಿಕ್ ಇಲ್ಲ: ಶೀರ್ಷಿಕೆ. ಕ್ಲಿಕ್ ಇದೆ, ಬಂದವರು ತಕ್ಷಣ ಓಡ್ತಾರೆ: ಉತ್ತರ ಕೆಳಗೆಲ್ಲೋ ಹೂತಿಟ್ಟಿದೀರಿ, ಇಲ್ಲಾ ಪುಟ ತೆರೆಯೋಕೆ ವಯಸ್ಸಾಗುತ್ತೆ. ಓದುಗರು ಇದಾರೆ ದುಡ್ಡಿಲ್ಲ: ಅವರಿಗೆ ಕೊಳ್ಳೋಕೆ ನೀವು ಏನೂ ಇಟ್ಟಿಲ್ಲ, ಅಥವಾ ವಿಷಯವೇ ಅಂಥದ್ದು. ಗಿರಾಕಿ ಇದಾರೆ, ಬ್ಲಾಗಿಗೆ ಎರಡು ತಿಂಗಳಿಂದ ಒಂದು ಸಾಲೂ ಬರೆದಿಲ್ಲ: ಆ ಗಿರಾಕಿ ಬಿಟ್ಟುಹೋದ ತಿಂಗಳು ಗೊತ್ತಾಗುತ್ತೆ, ಅದಕ್ಕೆ ಮುಂಚೆನೇ ವಾರಕ್ಕೊಂದು ಲೇಖನಕ್ಕೆ ಜಾಗ ಮಾಡ್ಕೊಳ್ಳಿ.